ಬಿರಡಿ ತೆಗೆದವನ ಕಾಗದ

ಇಂಡಿ
12 ಜನವರಿ 1965, ಮಂಗಳವಾರ

ನನ್ನ ಕೈಯಲ್ಲಿ ಕೆಲಸ ಕಲಿತ ಶಾಗಿರ್ದನೂ ಈಗ ಅಳಿಯನೂ ಆದ ಇಸಾಕನಿಗೆ ಮಶಾಕಸಾಬನ ಸಲಾಮು ಮತ್ತು ದುವಾ.

ಈ ಕಾಗದವನ್ನು ಇಲ್ಲಿಗೇ ನಿಲ್ಲಿಸಿ ಮೊದಲು ಜೀಪಿನ ಹತ್ತಿರ ಹೋಗು. ರೇಡಿಯೇಟರಿನ ಮುಂದಿನ ಜಾಳಿಗೆ ದಪ್ಪ ರಟ್ಟು ಇಲ್ಲವೇ ಗೋಣಿತಟ್ಟು ಕಟ್ಟಿ ಮುಕ್ಕಾಲು ಭಾಗ ಮುಚ್ಚು. ಗೇರಿನ ಕಡ್ಡಿಯ ಸುತ್ತ ತೂತಿದ್ದರೆ ಅರಿವೆ ತುರುಕು. ಆಮೇಲೆ ಬಂದು ಮುಂದೆ ಓದು. ಯಾಕೆಂದು ಹೇಳಲು ನಾಚಿಕೆಯಾಗುತ್ತದೆ, ಅದಕ್ಕೇ ಮೊದಲು ಕೆಲಸ ಹೇಳಿಬಿಟ್ಟೆ.

ನಿನ್ನ ಕಾಗದ ಹೋದ ಸೋಮವಾರ ಬಂತು, ನೀನು ಬರೆದ ಇಪ್ಪತ್ನಾಲ್ಕು ದಿನಕ್ಕೆ. ಲಡಾಖದ ರಸ್ತೆ ಕೆಲಸದವರಲ್ಲಿ ಯಾರಿಗೆ ಜಡ್ಡಾದರೂ ಕೆಳಗಿಳಿಸುವವನು ನೀನೊಬ್ಬನೇ, ಆ ಹಳೆಯ ಜೀಪೊಂದೇ. ಅದರ ಹೀಟರಿನಿಂದ ಬರುವ ಗಾಳಿಗೆ ಎಮ್ಮೆಯ ಉಸಿರಿನಷ್ಟೂ ಬಿಸಿ ಇಲ್ಲವೆಂದು ಬರೆದಿದ್ದೀಯ. ಬಲಗಾಲಿನ ಎರಡು ಬೆರಳು ಕಪ್ಪಾಗಿವೆ, ಇನ್ನೊಮ್ಮೆ ಹೆಪ್ಪುಗಟ್ಟಿದರೆ ಅರ್ಧ ಪಾದ ತೆಗೆಯಬೇಕಾದೀತು ಎಂದು ಅಲ್ಲಿಯ ಡಾಕ್ಟರರು ಹೇಳಿದ್ದಾರೆ, ನಜಮಾಗೆ ತಿಳಿಸಬೇಡಿ ಎಂದೂ ಬರೆದಿದ್ದೀಯ. ಬಲಗಾಲು! ಎಕ್ಸಲೇಟರ್ ತುಳಿಯುವ ಕಾಲು ಹೋದರೆ ಡ್ರೈವರನಲ್ಲಿ ಉಳಿಯುವುದೇನು? ನಜಮಾಗೆ ಏನೂ ಹೇಳಿಲ್ಲ. ಕಾಗದವನ್ನು ಶೆಡ್ಡಿನ ಹತ್ಯಾರದ ಪೆಟ್ಟಿಗೆಯಲ್ಲಿ ಪಾನಾಗಳ ಕೆಳಗೆ ಬಚ್ಚಿಟ್ಟಿದ್ದೇನೆ. ಆ ಎಣ್ಣೆ ಮಸಿಯಲ್ಲಿ ನನ್ನ ಮಗಳು ಕೈ ಹಾಕುವುದಿಲ್ಲ.

ಹಿಂದಿನ ಎರಡು ಕಾಗದಗಳಲ್ಲಿ ನಾನು ದೊಡ್ಡ ಉಸ್ತಾದನಂತೆ ಹುಕುಂ ಮಾಡಿದ್ದೆ. ನಳ ಪೂರಾ ತೆರೆ, ಹೋಸ್ ಪೈಪಿನೊಳಗಿನ ಗಾಳಿ ಬಿಡು, ಹೀಟರಿನ ಹೊಟ್ಟೆ ತೊಳೆ ಅಂತ. ಖರೆ ಹೇಳಲೇ? ಹೀಟರನ್ನು ನಾನು ಕಣ್ಣಿನಿಂದ ಕಂಡವನೇ ಅಲ್ಲ. ಇಂಡಿಯಲ್ಲಿ ಜೀಪಿಗೆ ಹೀಟರು ಬೇಕೆಂದರೆ ಮಂದಿ ಬಿದ್ದು ಬಿದ್ದು ನಕ್ಕಾರು. ಆದರೂ ಗೊತ್ತಿಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ನೀನು ಪಾಪ, ಹೇಳಿದ್ದೆಲ್ಲ ಮಾಡಿದೆ. ಏನೂ ಆಗಲಿಲ್ಲ.

ಕೊನೆಗೆ ನೀನು ಬರೆದ ಸಾಲು ಇದು: "ಜೀಪು ಕೈಗೆ ಬಂದ ದಿನವೇ ನೀವು ಕಲಿಸಿದಂತೆ ಬಿರಡಿ ತೆಗೆದು ಕಣಿವೆಗೆ ಒಗೆದಿದ್ದೇನೆ. ಇಂಜಿನಿಯರ ಸಾಹೇಬರು ಥರ್ಮೋಸ್ಟಾಟ್ ಸರಿ ಐತೇನು ಎಂದು ಕೇಳುತ್ತಾರೆ, ಅಂಥ ಸಾಮಾನು ಈ ಗಾಡಿಯಲ್ಲಿ ಇಲ್ಲವೆಂದೆ." ಅದನ್ನು ಓದಿ ನಾನು ಶಾಬಾಸ್ ಅಂದೆ ಇಸಾಕ, ಒಬ್ಬನೇ ಕುಳಿತು ಗಟ್ಟಿಯಾಗಿ ಅಂದೆ.

ಶುಕ್ರವಾರ ಮುಂಜಾನೆ ಇಲ್ಲಿಗೆ ಹೊಸದಾಗಿ ಬಂದ ಡಾಕ್ಟರರು ಪುಣೆಯಿಂದ ತಂದ ತಮ್ಮ ಜೀಪನ್ನು ಶೆಡ್ಡಿಗೆ ಬಿಟ್ಟರು. ಲಿಂಬೆ ತೋಟದ ಬಸಂತರಾಯರ ಜೀಪೂ ಪಕ್ಕದಲ್ಲೇ ನಿಂತಿತ್ತು. "ಮಶಾಕಸಾಬ, ಥರ್ಮೋಸ್ಟಾಟ್ ಒಂದೀಟು ನೋಡ್ರಿ" ಎಂದು ಡಾಕ್ಟರರು ಬೆರಳು ಮಾಡಿ ತೋರಿಸಿದರು. ಇಂಜಿನ್ನಿನ ತಲೆಯ ಮೇಲೆ, ಮೇಲಿನ ಹೋಸ್ ಪೈಪಿನ ಬುಡದಲ್ಲಿ. ಅಲ್ಲಿರುವುದು ನಮ್ಮ ಬಿರಡಿ! ಬಾಟಲಿಯ ಬಿರಡಿಯಂತೆ ನೀರಿಗೆ ಅಡ್ಡ ಕೂಡುತ್ತದೆ ಎಂದು ನಾನೇ ಇಟ್ಟ ಹೆಸರು. ಬ್ಯಾಸಗಿಯಲ್ಲಿ ಸಿಂದಗಿ ರಸ್ತೆಯ ಮೇಲೆ ನೀರು ಕುದಿಯುತ್ತದೆಂದು ಇಪ್ಪತ್ತು ವರ್ಷ ಕಿತ್ತು ಕಿತ್ತು ಒಗೆದದ್ದು. ನೀನು ಶೆಡ್ಡಿಗೆ ಬಂದ ಮೊದಲ ವಾರ ನಿನ್ನ ಕೈಯಿಂದಲೂ ತೆಗೆಸಿದ್ದೆ.

ಡಾಕ್ಟರರು ಹೋದ ಮೇಲೆ ಎರಡೂ ಜೀಪು ಚಾಲೂ ಮಾಡಿ ಎರಡರ ತಲೆಯ ಮೇಲೂ ಕೈ ಇಟ್ಟು ನಿಂತೆ. ಬಿರಡಿ ಇದ್ದದ್ದು ಸ್ವಲ್ಪ ಹೊತ್ತಿಗೇ ಕೈ ಸುಟ್ಟಿತು. ನಾನು ಬಿರಡಿ ತೆಗೆದಿದ್ದ ಬಸಂತರಾಯರದು ಬಹಳ ಹೊತ್ತು ಉಗುರುಬೆಚ್ಚಗೇ ಇತ್ತು. ನೀರು ಕಾಯುವ ಮೊದಲೇ ಮುಂದಿನ ರೇಡಿಯೇಟರಿಗೆ ಓಡಿ ತಣ್ಣಗಾಗಿ ಬರುತ್ತದೆ. ಆ ನೀರಿನಿಂದಲೇ ನಿನ್ನ ಹೀಟರು ಕಾಯಬೇಕು, ಎಲ್ಲಿಂದ ಕಾದೀತು? ಇಂಡಿಯ ಬಿಸಿಲಿಗೆ ಕಲಿಸಿದ್ದನ್ನು ನೀನು ಹಿಮಕ್ಕೆ ಹೊತ್ತುಕೊಂಡು ಹೋದೆ. ತಪ್ಪು ನಿನ್ನದಲ್ಲ. ನಿನ್ನ ಬೆರಳು ಕಪ್ಪು ಮಾಡಿದವನು ನಾನು.

ಶನಿವಾರದಿಂದ ರಂಜಾನಿನ ರೋಜಾ ಹಿಡಿದುಕೊಂಡೇ ಬಸ್ಸಿನಲ್ಲಿ ತಿರುಗಿದೆ, ಎಲ್ಲಾದರೂ ಒಂದು ಬಿರಡಿ ಸಿಕ್ಕೀತೆಂದು. ಸಿಂದಗಿಯಲ್ಲಿ ಇಲ್ಲ. ಬಸವನ ಬಾಗೇವಾಡಿಯಲ್ಲಿ ಮೂರು ಜೀಪಿವೆ, ಮೂರಕ್ಕೂ ಇಲ್ಲ. ಮುದ್ದೇಬಿಹಾಳದಲ್ಲಿ ಈಗ ಸ್ವಂತ ಶೆಡ್ಡು ಹಾಕಿರುವ ನಮ್ಮ ಮಾನಪ್ಪ ನನ್ನ ಮುಖ ನೋಡಿ, "ಉಸ್ತಾದ, ನೀವಽ ತಗಸಿದ್ರಿ, ಈಗ ನನ್ನ ಹಂತ್ಯಾಕ ಕೇಳಿದ್ರ ನಾ ಎಲ್ಲಿಂದ ತರ್ಲಿ?" ಅಂದ. ನಗುತ್ತಲೇ ಅಂದ, ಅವನಿಗೇನು ಗೊತ್ತು? ನಾಲ್ಕು ತಾಲೂಕಿನ ಜೀಪುಗಳಲ್ಲಿ ಬಿರಡಿ ಇಲ್ಲದಂತೆ ಮಾಡಿದ್ದೇನೆ, ಅಷ್ಟು ಜಾಣ ಉಸ್ತಾದ ನಾನು.

ತಾರು ಕಳಿಸಲು ಹೋದೆ. ಬಿರಡಿಗೆ ಇಂಗ್ಲಿಷಿನಲ್ಲಿ ಏನು ಬರೆಯಲಿ ಎಂದು ತಾರಿನ ಮಾಸ್ತರರು ಕೇಳಿದರು. ಥರ್ಮೋಸ್ಟಾಟ್ ಅಂದರೆ ನಿನಗೆ ತಿಳಿಯದು, ಬಿರಡಿ ಅಂದರೆ ದಾರಿಯಲ್ಲಿ ಯಾರಿಗೂ ತಿಳಿಯದು. "ಬಿರಡಿ ಹಾಕು" ಎಂದು ಇದ್ದ ಹಾಗೇ ಬರೆಸಿದೆ. ಘಾಟು ಹಿಮದಿಂದ ಕಟ್ಟಿದೆಯಂತೆ, ತಾರು ಕೆಳಗಿನ ಊರಿನತನಕ ಹೋಗಿ ಅಲ್ಲೇ ಕೂಡುತ್ತದಂತೆ. ದಾರಿ ತೆರೆದ ಮೇಲೆ ಅದೂ ಈ ಕಾಗದವೂ ಒಂದೇ ಲಾರಿಯಲ್ಲಿ ಬರಬಹುದು. ಹಾಗಾದರೆ ಜಾಳಿ ಮುಚ್ಚು ಎಂದು ಮೇಲೆ ಅವಸರದಿಂದ ಬರೆದೆನಲ್ಲ, ಅದು ಯಾವ ದಿನ ನಿನ್ನ ಕಣ್ಣಿಗೆ ಬೀಳುತ್ತದೋ! ಇಲ್ಲಿ ನನ್ನ ಕಾಲು ಬೆಚ್ಚಗಿವೆ. ಅವನ್ನು ನೋಡಿದರೇ ನನಗೆ ಸಿಟ್ಟು ಬರುತ್ತದೆ.

ಬಿರಡಿ ಒಂದು ಸಿಕ್ಕಿದೆ. ನಿನ್ನೆ ಡಾಕ್ಟರರಿಗೆ ಹೇಳಿದೆ, "ಸಾಹೇಬ್ರ, ನಮ್ಮ ಬಿಸಲಾಗ ಇದು ಬ್ಯಾಡ್ರಿ, ತಗದ್ರ ಇಂಜಿನ್ ತಣ್ಣಗಿರತೈತಿ." ಇಪ್ಪತ್ತು ವರ್ಷ ಹೇಳಿದ ಮಾತೇ, ಆದರೆ ಈ ಸಲ ನಾಲಗೆ ತೊದಲಿತು. "ನಿಮಗ ತಿಳದಂಗ ಮಾಡ್ರಿ" ಅಂದರು ಅವರು. ನನ್ನನ್ನು ನಂಬಿ. ರೋಜಾದ ಬಾಯಿಂದ ಹಾಗೆ ಹೇಳಿ ತೆಗೆದುಕೊಂಡೆ. ಅಲ್ಲಾ ಮಾಫ್ ಮಾಡಲಿ.

ಅದನ್ನು ಪಾರ್ಸೆಲ್ ಮಾಡಿ ಕಳಿಸುತ್ತೇನೆ. ಎರಡೇ ಬೋಲ್ಟು, ಸ್ಪ್ರಿಂಗ್ ಇಂಜಿನ್ನಿನ ಕಡೆಗೆ ಇರಲಿ. ಅದು ಮುಟ್ಟುವತನಕ ಡಬ್ಬಿಯ ತಗಡು ದುಂಡಗೆ ಕತ್ತರಿಸಿ, ನಡುವೆ ಕಿರುಬೆರಳು ಹೋಗುವಷ್ಟು ತೂತು ಹೊಡೆದು ಆ ಜಾಗದಲ್ಲಿ ಕೂಡಿಸು. ಇನ್ನು ಮೇಲೆ ನಾನು ಹೇಳಿದೆನೆಂದು ಏನನ್ನೂ ಕಣ್ಣು ಮುಚ್ಚಿ ಮಾಡಬೇಡ. ಇಂಜಿನಿಯರ ಸಾಹೇಬರನ್ನು ಕೇಳು.

ನಜಮಾ ಆರಾಮ ಇದ್ದಾಳೆ, ಈದಿಗೆ ನಿನಗೊಂದು ಅಂಗಿ ಹೊಲಿಯುತ್ತಿದ್ದಾಳೆ. ಅವಳ ಚಿಂತೆ ಬಿಡು.

ಉಸ್ತಾದ ಎಂದು ಬರೆಯಲು ಕೈ ಬಾರದ
ನಿನ್ನ ಮಾವ
ಮಶಾಕಸಾಬ

ತಾ.ಕ.: ಪಾರ್ಸೆಲ್ಲಿಗೆ ಬಟ್ಟೆ ಹೊಲಿಯೆಂದು ಈಗಷ್ಟೇ ಬಿರಡಿಯನ್ನು ನಜಮಾಳ ಕೈಗೆ ಕೊಟ್ಟೆ, ಯಾರೋ ಗಿರಾಕಿಯದು ಅಂದೆ. ಅವಳು ಅದನ್ನು ಸೆರಗಿನಿಂದ ಒರೆಸಿ, ಸುತ್ತ ಹೊಲಿದು, ದಾರವನ್ನು ಹಲ್ಲಿನಿಂದ ಕಡಿದಳು. ಆಮೇಲೆ ಕೇಳಿದಳು, "ಅಬ್ಬಾಜಿ, ಇದು ಮುಟ್ಟೋತನಕ ಅವ್ರ ಬೆರಳು ಉಳಿತಾವೇನ್ರಿ?" ನಾನು ಬೆರಳಿನ ಮಾತೇ ಎತ್ತಿರಲಿಲ್ಲ. ಅವಳ ಉಗುರಿನ ಸಂದಿಯಲ್ಲಿ ಎಣ್ಣೆ ಮಸಿ ಇತ್ತು. ರೋಜಾ ಬಿಡುವ ಹೊತ್ತಾಗಿದೆ, ಅವಳು ಇನ್ನೂ ನನ್ನ ಮುಖವನ್ನೇ ನೋಡುತ್ತ ಕುಳಿತಿದ್ದಾಳೆ. ಏನು ಹೇಳಲಿ ಇಸಾಕ?