ಬಡಿಗೆಯ ಮೇಲಿನ ಸುಳ್ಳು

೧೧ ಮಾರ್ಚ್ ೨೦೨೫, ಬೆಳಿಗ್ಗೆ

ಎರಡು ಮರಿ ಹಾಲಿಗೆ ಬಾಯಿ ಹಾಕುತ್ತಿಲ್ಲ. ಬೆರಳು ಚೀಪಿಸಿ ಕುಡಿಸಿದೆ.

ನಿನ್ನೆ ಹುನಗುಂದ ಕೋರ್ಟು ನನಗೆ ಹದಿನೈದು ದಿನ ಜೈಲು ಎಂದಿತು. ಅಂದಾನಪ್ಪನನ್ನು ಬಡಿಗೆಯಿಂದ ಹೊಡೆದೆನಂತೆ! ಅಪೀಲಿಗೆ ಒಂದು ತಿಂಗಳು ಇದೆ.

ಹೊಡೆದದ್ದು ಖರೆ. ಹೋದ ವರ್ಷ ಗೊಬ್ಬರ ಬೀಳಲೆಂದು ತಾನೇ ಕರೆದು ತನ್ನ ಹೊಲದಲ್ಲಿ ನಮ್ಮ ಕುರಿ ನಿಲ್ಲಿಸಿಕೊಂಡ. ಬೇಲಿಗೆ ಬಾಯಿ ಹಾಕಿತೆಂದು ಗಬ್ಬದ ಕುರಿಯ ಹೊಟ್ಟೆಗೆ ಒದ್ದ. ಕುರಿ ಕಂದು ಹಾಕಿತು, ಮರಿ ಸತ್ತೇ ಬಿತ್ತು. ಕಾಲಲ್ಲಿದ್ದ ಕೆರ ತೆಗೆದು ಎರಡು ಕೊಟ್ಟೆ. ಹೆಂಗಸಿನ ಕೆರದ ಏಟು ಎಂದು ಹೇಳಲು ಮೀಸೆಗೆ ನಾಚಿಕೆ — ಅದಕ್ಕೇ ಕೋರ್ಟಿನಲ್ಲಿ ಬಡಿಗೆ ಎಂದ. ಥೂ.

ಕುರಿ ಕಾಯುವ ಬಡಿಗೆ ನಮ್ಮ ದೇವರು ಬೀರಪ್ಪನದು. ಭಂಡಾರದ ಅರಿಶಿನ ಹಚ್ಚಿ ಪೂಜಿಸುವುದು. ಮನುಷ್ಯರ ಮೇಲೆ ಎತ್ತುವುದಿಲ್ಲ. ಅಂಥವನ ಮೇಲಂತೂ...

೧೭ ಮಾರ್ಚ್

ನವನಗರ. ವಕೀಲರಾದ ಮಹೇಶ್ವರಿಯವರ ಆಫೀಸು. ಫ್ಯಾನಿದೆ, ಗಾಳಿಯಿಲ್ಲ.

"ಹೊಡದೇ ಇಲ್ಲ ಅಂತ ಬರೀತೇನಿ, ಯಮ್ಮಾ."

"ಬ್ಯಾಡ್ರಿ. ಕೆರದಿಂದ ಹೊಡದಾಳ ಅಂತ ಬರೀರಿ."

"ಒಪ್ಕೊಂಡ್ರ ಜೈಲ್ ಗಟ್ಟಿ ನೋಡ್ರಿ."

"ಜೈಲಿಗೆ ನಾ ಹೋಗ್ತೇನ್ರಿ. ಬೀರಪ್ಪನ ಬಡಿಗಿ ಯಾಕ ಹೋಗಬೇಕು?"

ಹಣೆ ಚಚ್ಚಿಕೊಂಡರು. "ಹಂಗಾರ ಒಂದ ದಾರಿ. ಸಣ್ಣ ಕೇಸು, ಅಂವಾ ರಾಜಿಗೆ ಬಂದ್ರ ಶಿಕ್ಷಾ ಹೋಗ್ತೈತಿ."

ಅಪೀಲು ಹಾಕಿದರು. ಜೈಲಿಗೆ ತಡೆ ಸಿಕ್ಕಿತು.

೨೦ ಜೂನ್

ಅಪೀಲಿನಲ್ಲಿ ಕೆರ ಎಂದು ಬರೆದದ್ದು ತಿಳಿದು ಅಂದಾನಪ್ಪ ಮನೆಗೇ ಬಂದ!

"ಬೋರವ್ವಕ್ಕಾ, ರಾಜಿ ಆಗೂಣು. ಕೋರ್ಟಿನ್ಯಾಗ ಕೆರದ ಮಾತಷ್ಟ ತಗೀಬ್ಯಾಡ. ನನ್ನ ಬೀಗರು ಅಲ್ಲೇ ನವನಗರದಾಗ ಅದಾರ."

"ಬಡಿಗಿ ಅಲ್ಲ ಅಂತ ಜಡ್ಜ್ ಸಾಹೇಬ್ರ ಮುಂದ ಅಂತೀಯೇನು?"

"ಅಂದ್ರ, ಮತ್ತೇನಂತ ಕೇಳ್ತಾರಲ್ಲಬೇ!"

"ಕೇಳ್ಲಿ."

ಚಹಾ ಕುಡಿದ, ಸಕ್ಕರೆ ಕಡಿಮೆ ಎಂದ, ಹೋದ.

೮ ಆಗಸ್ಟ್, ಸಂಜೆ

ಅಂದಾನಪ್ಪ ನವನಗರದ ಕೋರ್ಟಿಗೆ ಹೊಸ ಟೊಪ್ಪಿಗೆ ಹಾಕಿಕೊಂಡು ಬಂದಿದ್ದ. ರಾಜಿಯಾದರೆ ಕೆರ ಎಂದು ಒಮ್ಮೆ ಹೇಳುವುದು, ವಾದ ನಡೆದರೆ ಹತ್ತು ಸಲ ಕೇಳುವುದು — ಮಹೇಶ್ವರಿಯವರು ಅವನಿಗೆ ಹೀಗೆ ಹೇಳಿ ಕಳಿಸಿದ್ದರಂತೆ.

"ಬಡಿಗೆಯಿಂದ ಹೊಡೆದರೇ?" ಸಾಹೇಬರು ಕೇಳಿದರು.

"ಬಡಿಗಿ ಅಲ್ರಿ."

"ಮತ್ತೆ?"

ತುಟಿಯಷ್ಟೇ ಅಲುಗಿತು.

"ಜೋರಾಗಿ ಹೇಳಿ."

ಹೇಳಿದ. ಹಿಂದಿನ ಬೆಂಚು ನಕ್ಕಿತು. ರಾಜಿ ಒಪ್ಪಿದರು, ಶಿಕ್ಷೆ ರದ್ದು.

ಬರುವಾಗ ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಅವನದೇ ದನಿ: "ಯಕ್ಕಾ... ಆ ಕುರಿ ಹ್ಯಾಂಗೈತಿ?"

ಒಂದೂವರೆ ವರ್ಷಕ್ಕೆ ಈಗ ಕೇಳುತ್ತಾನೆ. ಮತ್ತೆ ಗಬ್ಬಾಗಿದೆ, ದಿನ ತುಂಬಿದೆ ಎನ್ನಬಹುದಿತ್ತು. ಅನ್ನಲಿಲ್ಲ. ಅದನ್ನು ಕೇಳುವ ಯೋಗ್ಯತೆ ಅವನಿಗೆ — ಹಟ್ಟಿಯಲ್ಲಿ ಆ ಕುರಿಯೇ ಕೂಗುತ್ತಿದೆ, ಈಯುವ ಹೊತ್ತು. ಕೈ ತೊಳೆದು ಓಡಬೇಕು.