ಹಗ್ಗ ಓದುವ ಕೈ

ಬೈಲಹೊಂಗಲ,
ತಾ. 18-11-2001, ಭಾನುವಾರ

ಪ್ರೀತಿಯ ಲಗಮಪ್ಪ ಕಾಕಾ,

ನಿಮ್ಮ ಮಾಲಾಳ ನಮಸ್ಕಾರಗಳು. ಆರಾಮ ಇದ್ದೀರಾ? ಕೆಮ್ಮು ಹೇಗಿದೆ? ಕ್ವಾರಿಯ ಧೂಳಿನಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೀರೋ ಇಲ್ಲವೋ. ನೀವು ವೆಂಗುರ್ಲಾದ ಕಡೆ ಇದ್ದೀರಿ ಅಂತ ರಫೀಕ್ ಮಾಮಾ ಹೇಳಿದಾಗ, ಮಗನ ಹೆಸರು ಕೇಳಿ ಆಯಿ ನಿಂತಲ್ಲೇ ಕುಂತುಬಿಟ್ಟಳು. ಎರಡೂವರೆ ವರ್ಷದಲ್ಲಿ ನಿಮ್ಮ ಬಗ್ಗೆ ನಮಗೆ ಸಿಕ್ಕ ಮೊದಲ ಸುದ್ದಿ ಅದು. "ಗಡ್ಡಾ ಬಿಟ್ಟಾನ, ಅರ್ಧಾ ಆಗ್ಯಾನ, ನನ್ನ ನೋಡಿ ಕ್ರಶರ್ ಹಿಂದ ಹೋಗಿ ನಿಂತಾ" ಅಂದರು ಮಾಮಾ. ಆಮೇಲೆ ಇಬ್ಬರೂ ಚಹಾ ಕುಡಿದಿರಂತೆ. ಇವತ್ತು ಅವರು ಉಳ್ಳಾಗಡ್ಡಿ ಲೋಡ್ ತಗೊಂಡು ಮತ್ತೆ ಆ ಕಡೆಗೇ ಬರುತ್ತಾರೆ. ಹೋಗುವಾಗ ಹಾಸ್ಟೆಲ್ ಗೇಟಿನಲ್ಲಿ ನಿಂತು ಈ ಪತ್ರ ಒಯ್ಯುತ್ತಾರೆ. ನನ್ನ ಅಕ್ಷರ ಇನ್ನೂ ಕೋಳಿ ಕಾಲಿನ ಹಾಗೇ ಇದೆ, ನಿಧಾನ ಓದಿರಿ. ಒಬ್ಬರೇ ಕುಳಿತು ಓದಿರಿ.

ಇಲ್ಲಿ ಎಲ್ಲರೂ ಇದ್ದೇವೆ. ಅವ್ವ ಉಗರಗೋಳದಲ್ಲಿ ಕಾಯಿ-ಕರ್ಪೂರದ ಅಂಗಡಿಗೆ ಕೆಲಸಕ್ಕೆ ಹೋಗುತ್ತಾಳೆ. ಆಯಿಗೆ ಒಂದು ಕಣ್ಣು ಮಂಜಾಗಿದೆ, ಆದರೂ ರೊಟ್ಟಿ ಬಡಿಯುವಾಗ ದಿನಾ ಒಂದು ಜಾಸ್ತಿ ಬಡಿಯುತ್ತಾಳೆ. ಯಾರಿಗೆ ಅಂತ ಯಾರೂ ಕೇಳುವುದಿಲ್ಲ. ನಾನು ಪಿಯುಸಿ ಫಸ್ಟ್ ಇಯರ್, ಸೈನ್ಸ್. ಅಪ್ಪ ತೀರಿಕೊಂಡ ವರ್ಷ ನೀವು ನನ್ನನ್ನು ಸೈಕಲ್ ಮೇಲೆ ಕೂರಿಸಿಕೊಂಡು ಹೋಗಿ ಕಿತ್ತೂರಿನ ಹಾಸ್ಟೆಲಿಗೆ ಸೇರಿಸಿದಿರಲ್ಲ, ಅವತ್ತಿನಿಂದ ನನ್ನ ಟ್ರಂಕ್ ಒಂದೇ, ಹಾಸ್ಟೆಲ್ ಮಾತ್ರ ಬೇರೆ. ಇಲ್ಲಿ ಪಾಠ ಎಲ್ಲಾ ಇಂಗ್ಲಿಷಿನಲ್ಲಿ. "ಅರ್ಧಾ ಇಂಗ್ಲಿಷ್ ಮೇಡಮ್ಮು ಬಂದ್ಲು ನೋಡ್ರಿ" ಅಂತ ನೀವು ಕಾಡಿಸುತ್ತಿದ್ದಿರಿ. ಆ ಅರ್ಧ ಯಾವ ಕಡೆಯ ಅರ್ಧವೋ ಗೊತ್ತಿಲ್ಲ, ಕ್ಲಾಸಿನಲ್ಲಿ ಅದು ಉಪಯೋಗಕ್ಕೇ ಬರುವುದಿಲ್ಲ. ಸರ್ ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ಬಾಯಿ ಕಟ್ಟುತ್ತದೆ. ಮೊದಲಿನಿಂದಲೂ ನನ್ನದು ಅದೇ ರೋಗ ಕಾಕಾ, ಹೇಳಬೇಕಾದ ಹೊತ್ತಿಗೆ ಹೇಳುವುದಿಲ್ಲ.

ಒಂದು ವಿಷಯ ಕೇಳಿದರೆ ಬೈಯುತ್ತೀರೋ ಏನೋ. ಹೋದ ತಿಂಗಳು ಎನ್‌ಸಿಸಿಯವರು ರಾಮದುರ್ಗದ ಕಡೆ ಬಂಡೆ ಹತ್ತುವ ಕ್ಯಾಂಪ್ ಇಟ್ಟಿದ್ದರು, ನಾನು ಹೆಸರು ಕೊಟ್ಟೆ. ಅವ್ವನಿಗೆ ಹೇಳಿಲ್ಲ. ಅವರ ಇಕ್ವಿಪ್‌ಮೆಂಟ್ ನೋಡಿದರೆ ನೀವು ನಗುತ್ತಿದ್ದಿರಿ. ಸೊಂಟಕ್ಕೊಂದು ಪಟ್ಟಿ, ತೊಡೆಗೊಂದು ಪಟ್ಟಿ, ಎಲ್ಲಕ್ಕೂ ಹೊಳೆಯುವ ಕೊಂಡಿ, ತಲೆಗೆ ಬಿಳಿ ಟೊಪ್ಪಿಗೆ. ಬಂಡೆಯಲ್ಲಿ ಸಿಕ್ಕಿಕೊಂಡ ಆಡು-ಕುರಿ ಇಳಿಸಲು ನಮ್ಮಲ್ಲಿ ಏನಿತ್ತು? ಲಾರಿ ತಾಡಪತ್ರಿಯಿಂದ ಹೊಲಿಸಿದ ಪಟ್ಟಿ, ಹಾಳು ಬಾವಿಯಿಂದ ಬಿಚ್ಚಿ ತಂದ ಗಡಗಡಿ, ಕೈ ಜಾರದಂತೆ ಒಂದು ಚೀಲ ಒಲೆಯ ಬೂದಿ. ಕಾಲಿಗೆ ಏನು ಹಾಕಬೇಕು ಅನ್ನುವುದಕ್ಕೆ ನೀವೂ ರಫೀಕ್ ಮಾಮಾನೂ ಮಾಡಿದಷ್ಟು ಜಗಳ ಯಾರೂ ಹೊಲದ ಬದುವಿಗೂ ಮಾಡಿರಲಿಕ್ಕಿಲ್ಲ. ಅವರಿಗೆ ಕ್ಯಾನ್ವಾಸ್ ಬೂಟು ಬೇಕು, ನಿಮಗೆ ಬರಿಗಾಲೇ ಬೇಕು. "ಬೂಟಿಗೆ ಕಣ್ಣ ಇರೂದಿಲ್ಲೋ ರಫೀಕ, ಬೆರಳಿಗೆ ಇರತಾವ" ಅಂತ ನೀವು. "ನಿನ್ನ ಬೆರಳ ನೋಡಿದ್ರ ಕಣ್ಣ ಅಲ್ಲ, ಬದ್ನಿಕಾಯಿ ಕಂಡಂಗ ಕಾಣತಾವ" ಅಂತ ಅವರು. ಕ್ಯಾಂಪಿನಲ್ಲಿ ನನ್ನ ಸರದಿ ಬಂದಾಗ ನಿಮ್ಮ ಮಾತು ನೆನೆದೆ: "ಮೂರು ಹಿಡಿ, ಒಂದು ಬಿಡು. ಕಾಲಲೇ ಹತ್ತು, ಕೈ ಬರೇ ಸಮತೋಲ ಸಂಭಾಳಸಾಕ." ಹತ್ತಿದೆ ಕಾಕಾ. ಮೇಲೆ ಕುಳಿತು ಬಹಳ ಅತ್ತೆ, ಹೆದರಿಕೆಗೆ ಅಂತ ಹುಡುಗಿಯರು ತಿಳಿದರು. ಕಲಿಸಲು ಬಂದ ನಿಜಗುಣಪ್ಪ ಸರ್, ಇದನ್ನು ಯಾರು ಹೇಳಿಕೊಟ್ಟರು ಅಂತ ಕೇಳಿದರು. ನಮ್ಮ ಕಾಕಾ ಅಂದೆ. ಅಷ್ಟೇ ಬಾಯಿಗೆ ಬಂತು. ಕೊನೆಯ ದಿನ ಸರ್ ಹಗ್ಗ ಇಟ್ಟುಕೊಳ್ಳುವ ಬಗ್ಗೆ ಒಂದು ಮಾತು ಹೇಳಿದರು. ಅದನ್ನು ಕೇಳಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ. ಧೈರ್ಯ ಉಳಿದರೆ ಕೊನೆಗೆ ಬರೆಯುತ್ತೇನೆ.

ಅಜಿತಣ್ಣ ಬೆಳಗಾವಿಯಲ್ಲಿ ಮೊದಲ ಪಗಾರದಿಂದ ಆ ಕೇಸರಿ ನೈಲಾನ್ ಹಗ್ಗ ತಂದ ದಿನ ನಿಮಗೆ ನೆನಪಿರಬೇಕು. ನೀವು ಪುಂಡಿ ನಾರಿನ ಹಗ್ಗ ಬಿಡಲು ಒಪ್ಪಿರಲಿಲ್ಲ. "ಪುಂಡಿ ಹಗ್ಗ ಹರಿಯೂ ಮೊದಲ ಒದರತೈತಿ. ಇದು ಮೂಕ ಐತಿ" ಅಂದಿರಿ. ಅಣ್ಣ ಬಿಡಲಿಲ್ಲ. "ಕಾಕಾ, ಇದಕ್ಕ ಎಮ್ಮಿ ಕಟ್ಟಿ ಜೋತ ಬಿಟ್ರೂ ಹರಿಯೂದಿಲ್ಲ, ನೀವ ಕಟ್ಟಿ ನೋಡ್ರಿ" ಅಂತ ಗುದ್ದಾಡಿ ಒಪ್ಪಿಸಿದ. ಅವನ ಮುಖ ನೋಡಿ ನೀವು ಸೋತಿರಿ. ಆದರೆ ಪದ್ಧತಿ ಮಾತ್ರ ಬಿಡಲಿಲ್ಲ. ಹತ್ತುವ ಮೊದಲು ಹಗ್ಗವನ್ನು ನೀವು ಓದಬೇಕು. ಕಣ್ಣು ಮುಚ್ಚಿ, ಈ ತುದಿಯಿಂದ ಆ ತುದಿಯವರೆಗೆ ಎರಡು ಬೆರಳಿನ ನಡುವೆ ಎಳೆಯಬೇಕು. ಅಲ್ಲಿಯವರೆಗೆ ಯಾರೂ ಪಿಟ್ಟೆನ್ನಬಾರದು. ಓದಿದ ಮೇಲೆ, "ಹಗ್ಗಾ ಯಾರರ ಮುಟ್ಟೀರೇನ?" ಅಂತ ಕೇಳುತ್ತಿದ್ದಿರಿ. ಮನೆಯಲ್ಲಿ ನಿಮ್ಮನ್ನು ಬಿಟ್ಟು ಯಾರೂ ಅದನ್ನು ಕದಲಿಸುವಂತಿರಲಿಲ್ಲ, ಕದಲಿಸಿದ್ದರೆ ಹೇಳಬೇಕಿತ್ತು. ಎಲ್ಲರೂ ಇಲ್ಲ ಅಂದ ಮೇಲೆ, "ಜೀವಂತ ಐತಿ, ಹೋಗು" ಅನ್ನುತ್ತಿದ್ದಿರಿ. ಆ ಮಾತಿಲ್ಲದೆ ಯಾರ ಕಾಲೂ ನೆಲ ಬಿಡುತ್ತಿರಲಿಲ್ಲ.

ಆ ಭಾನುವಾರವೂ ಹಾಗೇ ಆಯಿತು. ಶೆಟ್ಟೆವ್ವನ ಆಡು ಹದ್ದಿನ ಬಂಡೆಯ ನಡುವಿನ ಅಟ್ಟಣೆಯಲ್ಲಿ ಸಿಕ್ಕಿಕೊಂಡು ಒದರುತ್ತಿತ್ತು. ಎಲ್ಲರೂ ಸುತ್ತಿಕೊಂಡು ಬಂಡೆಯ ಮೇಲಕ್ಕೆ ಹೋದೆವು. ನಾನೂ ಬಂದಿದ್ದೆ, ಹಾಸ್ಟೆಲಿನ ನೀಲಿ ಲಂಗದಲ್ಲೇ. ನೀವು ಹಗ್ಗ ಓದಿದಿರಿ. ನಡುವೆ ಒಂದು ಕಡೆ ನಿಮ್ಮ ಬೆರಳು ನಿಂತವು. "ಇಲ್ಲೆ ಸ್ವಲ್ಪ ಹಸಿ ಐತಿ" ಅಂದಿರಿ. "ನಿನ್ನಿ ಮಳಿ ನೀರ ಕಾಕಾ" ಅಂದ ಅಣ್ಣ, ಪಟ್ಟಿ ಬಿಗಿದುಕೊಳ್ಳುತ್ತಾ. ನೀವು ಕೇಳಿದಿರಿ. ಎಲ್ಲರೂ ಇಲ್ಲ ಅಂದರು. ನೀವು ಹೋಗು ಅಂದಿರಿ.

ಅಣ್ಣ ಇಳಿದ ಅಂಚಿಗೆ ಗೋಣಿಚೀಲ ಹಾಸಿದ್ದಿರಿ, ಹಗ್ಗ ಅಲ್ಲಿ ಹರಿಯಲಿಲ್ಲ. ಅದಕ್ಕೂ ಕೆಳಗೆ, ಯಾವ ಕಲ್ಲೂ ತಾಗದ ಕಡೆ, ಸದ್ದಿಲ್ಲದೆ ಹರಿಯಿತು. ಮುಂದಿನದನ್ನು ಬರೆಯುವುದಿಲ್ಲ.

ಮಣ್ಣು ಕೊಟ್ಟು ಬಂದ ಸಂಜೆ ನಿಮ್ಮ ಬೆರಳು ಉರಿಯುತ್ತಿದ್ದವು, ತುದಿಯ ತೊಗಲು ಸುಲಿದಿತ್ತು. ಆಯಿ ಬೆಣ್ಣೆ ಹಚ್ಚಲು ಬಂದರೆ ಕೈ ಕೊಡಲಿಲ್ಲ ನೀವು. "ಈ ಕೈ ಸುಳ್ಳ ಹೇಳಿತವ್ವಾ, ಇದಕ್ಯಾಕ ಬೆಣ್ಣಿ" ಅಂದಿರಿ. ಒಂಬತ್ತನೆಯ ದಿನ ಎದ್ದು ನೋಡಿದರೆ ನಿಮ್ಮ ಹಾಸಿಗೆ ಮಡಚಿತ್ತು. ಇನ್ನೊಂದು ಮಾತು, ಅದು ನಿಮಗೆ ಗೊತ್ತಿಲ್ಲ: ಆ ಆಡು ಮರುದಿನ ತಾನೇ ಇಳಿದು ಬಂತು. ಶೆಟ್ಟೆವ್ವ ಅದನ್ನು ನಮ್ಮ ಬಾಗಿಲಿಗೆ ತಂದು ಕಟ್ಟಿ ಹೋದಳು. ಅವ್ವ ಬಿಚ್ಚಿ ಕಳಿಸಿದಳು. ಶೆಟ್ಟೆವ್ವ ಮತ್ತೆ ತಂದು ಕಟ್ಟಿದಳು. ಈಗ ಅದಕ್ಕೆ ಎರಡು ಮರಿ.

ರಫೀಕ್ ಮಾಮಾ ಆಮೇಲೆ ಬಂಡೆಯ ಕಡೆ ಹೋಗಿಲ್ಲ. ತಮ್ಮ ಟ್ರ್ಯಾಕ್ಸ್ ಗಾಡಿ ಮಾರಿದರು, ಈಗ ಬೇರೆಯವರ ಲಾರಿ ಓಡಿಸುತ್ತಾರೆ. ಆದರೆ ನಿಮ್ಮ ಗಡಗಡಿಗೆ ಹಬ್ಬಕ್ಕೊಮ್ಮೆ ಎಣ್ಣೆ ಬಿಡುತ್ತಾರೆ. ಯಾಕೆ ಅಂತ ಕೇಳಿದರೆ, "ಅಂವಾ ಬಂದ್ರ ತುಕ್ಕ ಹಿಡದೈತಿ ಅಂತ ಬೈತಾನ" ಅನ್ನುತ್ತಾರೆ. ಮನೆಗೆ ಬನ್ನಿ ಕಾಕಾ. ಬಂಡೆ ಹತ್ತಬೇಡಿ, ಹಗ್ಗ ಮುಟ್ಟಬೇಡಿ, ಆಯಿಯ ಆ ಒಂದು ರೊಟ್ಟಿ ತಿನ್ನಲು ಬನ್ನಿ.

ಆಯಿ ನಿಮ್ಮ ತಲೆಯ ಮೇಲೆ ಕೈ ಇಟ್ಟಿದ್ದಾಳೆ ಅಂತ ಬರಿ ಅಂದಿದ್ದಳು, ಬರೆದಿದ್ದೇನೆ. ಅವ್ವ ನಿಮ್ಮ ಮೇಲೆ ಸಿಟ್ಟಿಲ್ಲ ಅಂದಳು. ತಣ್ಣೀರು ಸ್ನಾನ ಮಾಡಬೇಡಿ, ಕೆಮ್ಮು ನೋಡಿಕೊಳ್ಳಿ.

ನಿಮ್ಮ
ಮಾಲಾ

ತಾ.ಕ.: ಮಾಮಾ ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿದ್ದಾರೆ. ಬರೆದೇಬಿಡುತ್ತೇನೆ. ಸರ್ ಹೇಳಿದ್ದು ಇದು: ಹಗ್ಗವನ್ನೂ ಬ್ಯಾಟರಿಯನ್ನೂ ಒಟ್ಟಿಗೆ ಇಡಬಾರದು. ಅದರ ಆ್ಯಸಿಡ್ ತಾಗಿದ ನೈಲಾನ್ ಒಳಗೇ ಸಾಯುತ್ತದೆ, ಕಣ್ಣಿಗೆ ಏನೂ ಕಾಣುವುದಿಲ್ಲ. ಆ ಶನಿವಾರ ಮಧ್ಯಾಹ್ನ ಮೋಡ ಕವಿದಿತ್ತು. ನೆನೆಯಬಾರದು ಅಂತ, ಒಂದು ಹನಿ ಬೀಳುವ ಮೊದಲೇ ನಾನು ಅಂಗಳದ ಗೂಟದಿಂದ ಹಗ್ಗ ತೆಗೆದು ಮಾಮಾನ ಟ್ರ್ಯಾಕ್ಸಿನ ಹಿಂದಿನ ಸೀಟಿನ ಕೆಳಗೆ ತುರುಕಿದೆ. ಅಲ್ಲಿ ಹಳೆಯ ಬ್ಯಾಟರಿ ಇತ್ತು. ಜಾಗ ಮಾಡಲು ಸರಿಸಿದಾಗ ವಾಲಿತು, ಲಂಗದ ಅಂಚಿಗೆ ಸಿಡಿಯಿತು. ನೀರು ಅಂದುಕೊಂಡೆ. ಮಳೆ ನಿಂತ ಮೇಲೆ ಇಟ್ಟಲ್ಲೇ ಇಡಬೇಕು ಅಂತಿದ್ದೆ, ಮರೆತೆ. ಬೆಳಿಗ್ಗೆ ಅಣ್ಣ ಅದನ್ನು ಅಲ್ಲಿ ಕಂಡು, ನೀವೇ ಇಟ್ಟಿದ್ದೀರಿ ಅಂತ ತಿಳಿದ. ಲಂಗ ಒಗೆದಾಗ ತೂತು ಬಿದ್ದವು, ಇಲಿ ಕಡಿದಿದೆ ಅಂತ ಮೇಟ್ರನ್ ಬೈದರು, ನೀಲಿ ದಾರದಿಂದ ಹೊಲಿದೆ. ಕ್ಯಾಂಪಿನಿಂದ ಬಂದು ಟ್ರಂಕ್ ತೆಗೆದು ನೋಡಿದೆ. ಏಳು ತೂತು.

ಹಗ್ಗ ಮಳೆಗೆ ನೆನೆದೇ ಇರಲಿಲ್ಲ ಕಾಕಾ. ಹಸಿ ಐತಿ ಅಂತ ನೀವು ಅಂದಾಗ, ಅದು ಮಳೆ ನೀರಲ್ಲ ಅಂತ ಅಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಹಗ್ಗ ಮುಟ್ಟಿದ್ದಕ್ಕೆ ಅಣ್ಣ ಎಲ್ಲರ ಮುಂದೆ ಬೈಯುತ್ತಾನೆ ಅಂತ ಹೆದರಿ ಹಿಂದೆ ಸರಿದು ನಿಂತೆ. ನಿಮ್ಮ ಕೈ ಸುಳ್ಳು ಹೇಳಲಿಲ್ಲ. ಸರಿಯಾಗಿ ಆ ಜಾಗದಲ್ಲೇ ನಿಂತಿತ್ತು. ಬರುವ ಭಾನುವಾರ ಊರಿಗೆ ಹೋಗಿ ಅವ್ವ, ಆಯಿಗೆ ನಾನೇ ಹೇಳುತ್ತೇನೆ, ಮಾಮಾನಿಗೂ. ಆದರೆ ಮೊದಲು ನಿಮಗೆ, ಕೇಳಿದವರು ನೀವು.

ಹೂಂ ಕಾಕಾ. ನಾ ಮುಟ್ಟಿದ್ದೆ.