ಸರದಿ ಇಲ್ಲದ ಆಟ

ಸಿರುಗುಪ್ಪ,
೧೨ ಮಾರ್ಚ್ ೧೯೫೨, ಬುಧವಾರ

ನನ್ನ ಪ್ರೀತಿಯ ಇವರಿಗೆ,

ನಿನ್ನೆ ಸಂಜೆ ನಮ್ಮ ಮಾಳಿಗೆಯ ಮೇಲೆ ನಿಂತು ನಿಮ್ಮ ಅವ್ವ, ಹೌದು, ಸಾಕ್ಷಾತ್ ಕೊಟ್ರಬಸಮ್ಮನವರೇ, ಫುಟ್‌ಬಾಲ್ ನೋಡುತ್ತಾ "ಹೋತು, ಒಳಗ ಹೋತು!" ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗಿದರು! ಇದನ್ನು ಮೊದಲು ಹೇಳದೆ ಕೈ ಮುಂದೆ ಓಡಲಿಲ್ಲ, ಕ್ಷಮಿಸಿ. ಈಗ ಹೇಳಿ, ಆರೋಗ್ಯ ಹೇಗಿದೆ? ಕೆಮ್ಮು ಹೋಯಿತೇ? ಮದರಾಸಿನ ಉಪ್ಪುಗಾಳಿಯಲ್ಲಿ ತಲೆಗೆ ಏನಾದರೂ ಸುತ್ತಿಕೊಂಡು ತಿರುಗಾಡಿ. ಬಳ್ಳಾರಿಯ ಸ್ಕೂಲಿನಲ್ಲಿ ನಮ್ಮ ಇಂಗ್ಲಿಷ್ ಮಿಸ್ ಕಾಗದದಲ್ಲಿ ಗಂಡನ ಹೆಸರನ್ನು ಧೈರ್ಯವಾಗಿ ಬರೆಯಬೇಕು ಎಂದು ಕಲಿಸಿದ್ದರು. ಬರೆದೆ. ನಾಚಿಕೆಯಾಗಿ ಆ ಹಾಳೆಯನ್ನೇ ಹರಿದು ಒಲೆಗೆ ಹಾಕಿ, ಹೀಗೆ "ಇವರಿಗೆ" ಎಂದು ಮತ್ತೆ ಶುರುಮಾಡಿದ್ದೇನೆ. ನಗಬೇಡಿ.

ನಿಮ್ಮ ಟ್ರಾಕ್ಟರ್ ಕಂಪನಿಯ ಅಮೆರಿಕದ ಹಾರ್ಟನ್ ಸಾಹೇಬರು ಫುಟ್‌ಬಾಲ್ ಎಂದರೆ ಒಂದೂವರೆ ಗಂಟೆ ಓಡಿ ಸೊನ್ನೆಗೆ ಸೊನ್ನೆ ಎಂದು ಕೈಕುಲುಕಿ ಮನೆಗೆ ಹೋಗುವುದು, ಅದನ್ನು ನೋಡುವುದಕ್ಕಿಂತ ನಿದ್ದೆ ಮಾಡುವುದು ಮೇಲು ಅಂದರೆಂದು ಬರೆದಿದ್ದಿರಿ. ನೋಡಲು ಒಂದಾದರೂ ಕಾರಣ ಹೇಳು, ಭಾನುವಾರ ಸಾಹೇಬರ ಬೇಸ್‌ಬಾಲ್ ಆಟ ಶುರುವಾಗುವ ಮುಂಚೆ ಅಲ್ಲಿ ಸೇರಿದವರಿಗೆಲ್ಲ ಓದಿ ಹೇಳುತ್ತೇನೆ ಎಂದು ನನ್ನನ್ನು ಕೆಣಕಿದ್ದಿರಿ. ತಗೊಳ್ಳಿ, ಇಂಗ್ಲಿಷಿಗೆ ತಿರುಗಿಸಿ ಓದಿ.

ನಾನು ಎಲ್ಲಿ ನಿಂತು ನೋಡುತ್ತೇನೆ ಎಂಬುದರಿಂದಲೇ ಶುರುಮಾಡಬೇಕು. ಮದುವೆಯಾಗಿ ಒಂಬತ್ತನೇ ದಿನ ನೀವು ಹೊರಟಿರಿ. ಅಂದಿನಿಂದ ಮಾವನವರಿಲ್ಲದ ಈ ಮನೆಯಲ್ಲಿ ನಾವಿಬ್ಬರೇ. ಹೊಸ ಸೊಸೆ ಹೊಸ್ತಿಲು ದಾಟಬಾರದು, ಕಿಟಕಿಯಲ್ಲಿ ನಿಲ್ಲಬಾರದು, ಹಿತ್ತಲ ಬಾಗಿಲಿಗೆ ಹೋದರೂ ತಲೆಯ ಮೇಲೆ ಸೆರಗು. ನಾಲ್ಕು ತಿಂಗಳಲ್ಲಿ ನನಗೆ ತುಂಗಭದ್ರೆಯೂ ಕಂಡಿಲ್ಲ, ಪೇಟೆಯೂ ಕಂಡಿಲ್ಲ. ಅಡುಗೆಮನೆಯ ಬೆಳಕಿಂಡಿಯಿಂದ ಬೀಳುವ ಬಿಸಿಲಿನ ತುಂಡು ಒಲೆಯಿಂದ ಒರಳಿಗೆ ಬಂದರೆ ಮಧ್ಯಾಹ್ನ, ಗೋಡೆ ಹತ್ತಿದರೆ ಸಂಜೆ. ಮಾಳಿಗೆಗೆ ಮಾತ್ರ ಸಂಡಿಗೆ ಒಣಗಿಸಲು ಹೋಗಬಹುದು. ಹಿಂದೆಯೇ ಶಾಲೆಯ ಬಯಲು, ಬಯಲಿನಲ್ಲಿ ಅಕ್ಕಿ ಮಿಲ್ಲಿನವರ ಫುಟ್‌ಬಾಲ್! ಗೊತ್ತಾದ ದಿನದಿಂದ ನಾನು ಸಂಡಿಗೆ ಇಟ್ಟಿದ್ದೇ ಇಟ್ಟಿದ್ದು. ಈಗ ಈ ಮನೆಯಲ್ಲಿ ಮೂರು ಮದುವೆಗೆ ಆಗುವಷ್ಟು ಸಂಡಿಗೆ ಇದೆ. ಕಾಗೆ ಕಾಯುತ್ತೇನೆಂದು ಹೇಳಿ ಸಂಜೆಯವರೆಗೆ ಮೇಲೇ ಇರುತ್ತೇನೆ.

ನಿನ್ನೆ ಕುರುಗೋಡಿನವರು ಆಡಲು ಬಂದಿದ್ದರು. ನಾನು ಕೆಳಗಿಳಿಯದ್ದನ್ನು ನೋಡಿ ಅತ್ತೆಯವರು ನಿಚ್ಚಣಿಕೆ ಹತ್ತಿಯೇ ಬಂದರು. "ಏನವಾ, ಕಾಗಿ ಕಾಯಾಕ ಹತ್ತೀಯೋ, ಕಾಗಿಗೆ ಸಾಲಿ ಕಲಿಸಾಕ ಹತ್ತೀಯೋ?" ಎಂದರು. ನನ್ನ ಕಣ್ಣು ಎಲ್ಲಿದೆಯೆಂದು ಕಂಡು, ಬೈಯಲು ಬಾಯಿ ತೆರೆದವರು ಹಾಗೇ ಬಯಲನ್ನು ನೋಡಿದರು. "ಅಯ್ಯ ಶಿವನೇ, ಕೈ ಇದ್ದೂ ಇಲ್ಲದಂಗ ಆಡ್ತಾರಲ್ಲ!" ಎಂದರು. ಕೈ ಇದ್ದೂ ಇಲ್ಲದ ಹಾಗೆ ಇರುವುದು ಎಷ್ಟು ಕಷ್ಟವೆಂದು ನನಗೆ ಗೊತ್ತಿತ್ತು. ಅತ್ತೆಯವರು ಮಂಡಿ ನೋವೆಂದು ಅಲ್ಲೇ ಕುಳಿತರು.

ಗಂಟೆ ಕಳೆಯಿತು. ಸೊನ್ನೆಗೆ ಸೊನ್ನೆ. ಹಾರ್ಟನ್ ಸಾಹೇಬರಿಗೆ ನಿದ್ದೆ ಬರುತ್ತಿತ್ತೇನೋ, ನಮಗೆ ಉಸಿರು ಬರುತ್ತಿರಲಿಲ್ಲ! ಕುರುಗೋಡಿನವರು ನಮ್ಮವರನ್ನು ಗೋಲಿನ ಮುಂದೆಯೇ ಒತ್ತಿ ಹಿಡಿದಿದ್ದರು. ಹಾಸಿಗೆ ತುಂಬುವ ದಸ್ತಗೀರಸಾಬ್ ನಮ್ಮ ಗೋಲಿನಲ್ಲಿ ಮಣ್ಣಿಗೆ ಬಿದ್ದು ಬಿದ್ದು ಚೆಂಡು ತಡೆಯುತ್ತಿದ್ದ. ಆ ತುದಿಯಲ್ಲಿ, ಗೆರೆಯ ಪಕ್ಕ, ನಮ್ಮ ಮನೆಗೆ ತೌಡು ತರುವ ಹೊನ್ನೂರಪ್ಪ ಒಬ್ಬನೇ ನಿಂತಿದ್ದ. ಅವನಿಗೆ ಯಾರೂ ಚೆಂಡು ಕೊಡುತ್ತಿರಲಿಲ್ಲ. ಅತ್ತೆಯವರಿಗೆ ಸಿಟ್ಟು ಬಂತು. "ಪಾಪ, ಅವ ಬಂದಾಗಿಂದ ನಿಂತಾನ. ಅವನ ಪಾಳಿ ಯಾವಾಗ?" ಎಂದು ಕೇಳಿದರು. "ಈ ಆಟದಾಗ ಪಾಳಿ ಇಲ್ಲತ್ತೀ" ಎಂದೆ. "ಮತ್ತ ಕೊಡೋತನಕ ನಿಂತ ಇರೋದೇನು?" ಎಂದರು. ಅಷ್ಟರಲ್ಲಿ ಚೆಂಡು ಯಾರದೋ ಮೊಣಕಾಲಿಗೆ ಬಡಿದು ಹೊರಳಿತು. ಅದು ಯಾರದೂ ಅಲ್ಲ. ಹೊನ್ನೂರಪ್ಪ ಓಡಿಬಂದು ತಗೊಂಡ, ಇಬ್ಬರನ್ನು ದಾಟಿದ, ಎರಡು ಬಿದಿರಿನ ನಡುವೆ ಹೊಡೆದ. ಆಗಲೇ ಅತ್ತೆಯವರು ಎದ್ದು ನಿಂತು ಕೂಗಿದ್ದು. ಅವರ ಸೆರಗು ಸಂಡಿಗೆಯ ಮೇಲೆ, ನನ್ನ ತೋಳು ಅವರ ಮುಷ್ಟಿಯಲ್ಲಿ. ಬಯಲಿನವರೆಲ್ಲ ತಿರುಗಿ ನೋಡಿದರು. ಆಮೇಲೆ ನಾಲಿಗೆ ಕಚ್ಚಿಕೊಂಡು, "ಯಾರಿಗೂ ಹೇಳಬ್ಯಾಡ" ಎಂದರು. ನಾನು ನಿಮಗೆ ಹೇಳುತ್ತಿದ್ದೇನೆ!

ಸಾಹೇಬರಿಗೆ ಓದಬೇಕಾದದ್ದು ಇದು. ನಿಮ್ಮ ಬೇಸ್‌ಬಾಲಿನಲ್ಲಿ ಎಲ್ಲರಿಗೂ ಪಾಳಿಯುಂಟು, ಒಬ್ಬೊಬ್ಬನಿಗೆ ಮೂರು ಅವಕಾಶ, ನಡುವೆ ಕಡಲೆಕಾಯಿ ತಿನ್ನಲು ಪುರಸೊತ್ತು. ಚೆನ್ನಾಗಿಯೇ ಇದೆ. ಆದರೆ ನಾಲ್ಕು ಬೇಸು ಸುತ್ತಿ ಬಂದರೆ ಒಂದು ರನ್ನಂತೆ; ಮೂರನೆಯ ಬೇಸಿನವರೆಗೂ ಓಡಿಬಂದವನು, ಮುಂದೆ ಹೊಡೆಯಬೇಕಾದವರು ಔಟಾದರೆ, ಅಲ್ಲೇ ನಿಂತು ಹೋಗುತ್ತಾನೆಂದು ನೀವೇ ಬರೆದಿದ್ದಿರಿ. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಫುಟ್‌ಬಾಲಿನಲ್ಲಿ ಒಂದೇ ಗೋಲಿಗಾಗಿ ಸಂಜೆಯೆಲ್ಲ ಕಾಯಬೇಕು ನಿಜ, ಅದಕ್ಕೇ ಆ ಒಂದು ಗೋಲಿಗೆ ಅಷ್ಟು ತೂಕ. ಕಾಯುವಾಗಲೂ ಯಾರೂ ಸುಮ್ಮನೆ ನಿಂತಿರುವುದಿಲ್ಲ, ದಾರಿ ಎಲ್ಲಿ ತೆರೆಯುತ್ತದೆಂದು ನೋಡುತ್ತಲೇ ಇರುತ್ತಾರೆ. ಕಣ್ಣು ಮಿಟುಕಿಸಿದರೆ ಹೋಯಿತು. ಸಾಹೇಬರು ಒಂದು ಸಲ, ಒಂದೇ ಸಲ, ಯಾರಾದರೂ ತುದಿಯಲ್ಲಿ ನಿಂತವನ ಮೇಲೆ ಕಣ್ಣಿಟ್ಟು ಕೊನೆಯವರೆಗೆ ನೋಡಲಿ. ನಿದ್ದೆ ಬಂದರೆ ನನ್ನನ್ನು ಕೇಳಲಿ.

ಮದರಾಸಿಗೆ ಕರೆಸಿಕೊಳ್ಳಲು ನನಗೂ ನೀವು ಮೂರು ಪಾಳಿ ಹೇಳಿದ್ದಿರಿ. "ಅವ್ವ ಇನ್ನೂ ಒಪ್ಪುತ್ತಿಲ್ಲ, ಸಂಕ್ರಾಂತಿ ಆಗಲಿ." ಆಮೇಲೆ ಶಿವರಾತ್ರಿ. ಈಗ ಯುಗಾದಿ. ಅತ್ತೆಯವರನ್ನು ಕೇಳುವ ಧೈರ್ಯ ನನಗಿಲ್ಲ, ನಿಮ್ಮ ಮಾತೇ ನನಗೆ ಪಂಚಾಂಗ. ದೂರುತ್ತಿಲ್ಲ, ಸುಮ್ಮನೆ ಬರೆದೆ. ಹೊತ್ತಿಗೆ ಸರಿಯಾಗಿ ಉಣ್ಣಿ. ಅತ್ತೆಯವರ ಆಶೀರ್ವಾದಗಳು, ಹಾರ್ಟನ್ ಸಾಹೇಬರಿಗೆ ನನ್ನ ನಮಸ್ಕಾರ.

ಎಂದೆಂದೂ ನಿಮ್ಮವಳಾದ,
ನೀಲಾಂಬಿಕೆ

ಮರೆತಿದ್ದು, ಅವಸರದಲ್ಲಿ: ಕಾಗದ ಮಡಿಸುತ್ತಿದ್ದಾಗ ಅತ್ತೆಯವರು ನೀವು ಅವರಿಗೆ ಬರೆದ ಕಾಗದಗಳ ಕಟ್ಟನ್ನು ತಂದು ನನ್ನ ಮಡಿಲಿಗೆ ಹಾಕಿದರು. ಮಗ ತಾಯಿಗೆ ಬರೆದದ್ದನ್ನು ಸೊಸೆ ಓದಬಾರದೆಂದು ಇಷ್ಟು ದಿನ ಪಕ್ಕದ ಮನೆಯ ಚಿದಾನಂದಪ್ಪ ಮಾಸ್ತರರೇ ಓದಿ ಹೇಳುತ್ತಿದ್ದರಲ್ಲವೇ? "ಇವತ್ತಿಂದ ನೀನ ಓದವಾ" ಎಂದರು. ಓದಿದೆ, ಗಟ್ಟಿಯಾಗಿ, ಒಂದಕ್ಷರ ಬಿಡದೆ. ನನಗೆ "ಅವ್ವ ಒಪ್ಪುತ್ತಿಲ್ಲ" ಎಂದು ಬರೆದ ದಿನವೇ ಅವರಿಗೆ "ನೀಲಾಗೆ ಈಗಲೇ ಬರಲು ಮನಸ್ಸಿಲ್ಲ, ಅವಸರ ಮಾಡಬೇಡ" ಎಂದು ಬರೆದಿದ್ದೀರಿ. ನೀವು ನನಗೆ ಬರೆದ ಕಾಗದವನ್ನೂ ತಂದು ಅವರಿಗೆ ಓದಿ ಹೇಳಿದೆ. ಅತ್ತೆಯವರು ಕಟ್ಟನ್ನು ಮತ್ತೆ ಬಿಗಿದು ಕಟ್ಟಿದರು. ಆಮೇಲೆ, "ಇಬ್ಬರನ್ನೂ ಇಲ್ಲಿ ಕುಂದರಿಸಿ ತಾ ಅಲ್ಲಿ ಆಟ ನೋಡಾಕ ಹತ್ಯಾನ. ಪೆಟ್ಟಿಗಿ ಕಟ್ಟು ನೀಲಾ. ನಾನೂ ಬರ್ತೀನಿ. ಮನಿ ಸಿಗಲಿಲ್ಲಂದ್ರ ಅವ ಆಟ ನೋಡೋ ಬಯಲಾಗ ಒಲಿ ಹೂಡ್ತೀನಿ" ಎಂದರು. ಸಂಡಿಗೆಯ ಡಬ್ಬಿಗಳನ್ನೂ ತರುತ್ತಿದ್ದೇವೆ. ಇಪ್ಪತ್ತೆರಡನೆಯ ತಾರೀಖು, ಶನಿವಾರ, ಬಸ್ಸಿನಲ್ಲಿ ಬಳ್ಳಾರಿ, ಅಲ್ಲಿಂದ ರೈಲಿನಲ್ಲಿ ಗುಂತಕಲ್ಲು. ಇಪ್ಪತ್ಮೂರನೆಯ ತಾರೀಖು, ಭಾನುವಾರ, ನಿಮ್ಮ ಬೇಸ್‌ಬಾಲಿನ ದಿನವೇ, ಬೊಂಬಾಯಿ ಮೇಲ್ ರೈಲಿನಲ್ಲಿ ಬಂದು ಮದರಾಸು ಸೆಂಟ್ರಲ್‌ನಲ್ಲಿ ಇಳಿಯುತ್ತೇವೆ.